ಆನೆಮಂಡಿಯ ಒರತೆ

ಜನವರಿ 28

ಮಾವಾ,

ಕಾಗದ ಬರೆಯದೆ ನಾಲ್ಕು ತಿಂಗಳಾಯಿತು, ಬೈದುಕೋ. ಬೈದಾದ ಮೇಲೆ ಮುಂದಕ್ಕೆ ಓದು.

ನಮ್ಮ ನಕ್ಷೆ ಕಚೇರಿಯಿಂದ ಈ ಬೇಸಿಗೆಯಲ್ಲಿ ಇಬ್ಬರನ್ನು ಮರುಭೂಮಿಯ ಕಮರಿಯೊಳಗೆ ಕಳಿಸುತ್ತಾರೆ. ಮೇಲ್ಬಾಯಿಯಲ್ಲಿ ಇಳಿದು ಕೆಳಬಾಯಿಯಲ್ಲಿ ಹೊರಬರಬೇಕು. ಐದು ದಿನದ ನಡಿಗೆ. ಹೋಗುವವರಲ್ಲಿ ನಾನೊಬ್ಬಳು. ಹನ್ನೊಂದು ವರ್ಷದಿಂದ ನಾನಿಲ್ಲಿ ಹಂಗಾಮಿ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬೇರೆಯವರು ನಡೆದ ದಾರಿಗಳಿಗೆ ಮಸಿ ಹಾಕುತ್ತೇನೆ. ತಾನೇ ನಡೆದು ಒಂದು ಹಾಳೆಯನ್ನಾದರೂ ಪೂರ್ತಿ ಮಾಡಿದವರಿಗೆ ಮಾತ್ರ ಇಲ್ಲಿ ಕೆಲಸ ಖಾಯಂ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮಿತಿ ದಾಟುತ್ತದೆ. ಆಮೇಲೆ ಕೇಳಿದರೂ ಕಳಿಸುವುದಿಲ್ಲ.

ಜೊತೆಗೆ ಬರುವವರು ಅಳತೆಯ ಸರಪಣಿ ಹಿಡಿಯುವವರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಒಂಟೆ ಅಂತ ಕರೆಯುತ್ತಾರೆ. ಬೆಳಿಗ್ಗೆ ಒಂದು ಲೋಟ ಚಹಾ ಕುಡಿದರೆ ಸಂಜೆಯವರೆಗೆ ನೀರಿನ ಹೂಜಿಯ ಕಡೆ ತಿರುಗಿ ನೋಡದ ಮನುಷ್ಯ.

ಆ ಕಮರಿ ನಡೆದವರು ನಮಗೆ ಗೊತ್ತಿರುವವರಲ್ಲಿ ನೀನೊಬ್ಬನೇ. ಏನು ಹೊರಬೇಕು, ಏನು ಬಿಡಬೇಕು, ಹೆಗಲು ಹೇಗೆ ಉಳಿಸಿಕೊಳ್ಳಬೇಕು, ಎಲ್ಲ ಬರಿ. ಚಿಕ್ಕಂದಿನಲ್ಲಿ ಹೇಳುತ್ತಿದ್ದೆಯಲ್ಲ, ಆನೆಮಂಡಿ ಬಂಡೆಯ ಹಿಂದಿನ ಒರತೆ, ಅದು ಸರಿಯಾಗಿ ಎಲ್ಲಿದೆ?

ನಿನ್ನ ಕಟ್ಟಿರುವೆ


ಫೆಬ್ರವರಿ 5

ಕಟ್ಟಿರುವೆಗೆ ಅದರ ಮಾವನಿಂದ ಒಂದು ಚೀಲ ತುಂಬ ಆಶೀರ್ವಾದ.

ಇಲ್ಲಿ ನಾನು ಚೆನ್ನಾಗಿದ್ದೇನೆ, ನನ್ನ ಎಡಮಂಡಿ ಚೆನ್ನಾಗಿಲ್ಲ, ನಿನ್ನ ಅತ್ತೆಯ ಬಾಯಿ ಎಲ್ಲಕ್ಕಿಂತ ಚೆನ್ನಾಗಿದೆ. ನಿನ್ನ ಕಾಗದವನ್ನು ಕ್ಷೌರದಂಗಡಿಯಲ್ಲಿ ನಾಲ್ಕು ಜನರಿಗೆ ಓದಿ ಹೇಳಿದೆ. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಇನ್ನರ್ಧ ಮರೆತು ಎದ್ದು ಕೂತು ಕೇಳಿದ. ಸರ್ಕಾರದ ನಕ್ಷೆಯವರಿಗೇ ದಾರಿ ಹೇಳುವಷ್ಟು ದೊಡ್ಡವನಾದೆನಲ್ಲ! ಏಳನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿದ ಮೇಷ್ಟ್ರು ಬದುಕಿದ್ದರೆ ಇವತ್ತು ಬಂದು ಕಿವಿ ಸವರಬೇಕಿತ್ತು.

ಈಗ ಕೇಳು. ಮೇಲ್ಬಾಯಿಯ ಸಾಮಾನಿನ ಮಳಿಗೆಯಲ್ಲಿ ಎರಡು ವರ್ಷ ಬೆನ್ನುಚೀಲ ಹೊಲಿದವನು ನಾನು. ಚೀಲದ ಬಾಯಿ ನೋಡಿದರೆ ಹೊತ್ತವನ ಜಾತಕ ಹೇಳುತ್ತೇನೆ. ಭಾರದ ಸಾಮಾನು ತಳದಲ್ಲಿ ಇಡಬಾರದು, ಬೆನ್ನಿಗೆ ಅಂಟಿಕೊಂಡಂತೆ ಹೆಗಲ ಮೂಳೆಗಳ ನಡುವೆ ಇರಬೇಕು. ನೀರೂ ಅಲ್ಲೇ. ಹೆಗಲಪಟ್ಟಿ ಮೂರು ಬೆರಳು ಅಗಲ, ಒಳಗೆ ಹಳೆ ಕಂಬಳಿಯ ತುಂಡು, ಅಂಚಿಗೆ ಮೇಣ ಹಚ್ಚಿದ ದಾರದಲ್ಲಿ ಎರಡು ಸುತ್ತು ಹೊಲಿಗೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಭಾರ ಹೊರುವುದು ಸೊಂಟ, ಹೆಗಲು ಬರೀ ಹಿಡಿದುಕೊಳ್ಳುವುದಕ್ಕೆ. ಬಿಸಿಲಿಗೆ ಪಾದ ಊದುತ್ತದೆ, ಬೂಟು ಅರ್ಧ ಅಳತೆ ದೊಡ್ಡದು ತಗೋ. ಕಾಲುಚೀಲ ಎರಡು ಹಾಕು, ಒಳಗಿನದನ್ನು ಒಳಬದಿ ಹೊರಗಾಗುವ ಹಾಗೆ ತಿರುವಿ ಹಾಕು, ಆಗ ಹೊಲಿಗೆ ಬೆರಳನ್ನು ಕಚ್ಚುವುದಿಲ್ಲ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸು. ನಗಬೇಡ, ಮೂರನೇ ದಿನ ಆ ಹಿಡಿಯೂ ಭಾರವೇ. ಬೆಳಕು ಹರಿಯುವ ಹೊತ್ತಿಗೆ ಹೊರಟು ಹತ್ತು ಗಂಟೆಗೆ ನೆರಳು ಹಿಡಿ. ನಾಲ್ಕರವರೆಗೆ ಹಲ್ಲಿಯ ಹಾಗೆ ಬಿದ್ದುಕೊಂಡಿರು.

ಒರತೆ ತಾನೇ? ಮೂರನೇ ದಿನ ಸಂಜೆ ಎಡಗಡೆ ಗೋಡೆಯಲ್ಲಿ ಆನೆ ಮಂಡಿಯೂರಿದ ಹಾಗೆ ಒಂದು ಕೆಂಪು ಬಂಡೆ ಬರುತ್ತದೆ. ಅದರ ಹಿಂದೆ ಒಬ್ಬರು ನುಸುಳುವಷ್ಟು ಸಂದು. ಒಳಗೆ ಹೋದರೆ ಎರಡು ಬೆರಳು ದಪ್ಪ ನೀರು, ಕಡುಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಅದನ್ನು ಕುಡಿದ ಮೇಲೆಯೇ ನನಗೆ ಈ ಮೀಸೆ ಬಂದದ್ದು.

ನಿನ್ನ ಮಾವ, ಕಮರಿ ಕಂಡವನು


ಫೆಬ್ರವರಿ 16

ಮಾವಾ,

ನಿನ್ನ ಕಾಗದ ಕಚೇರಿಯ ತುಂಬ ಓಡಾಡಿತು. ಕಾಲುಚೀಲ ತಿರುವಿ ಹಾಕುವ ಮಾತು ಬಂದಾಗ ಒಂಟೆಯವರು, "ಇದು ನಡೆದವರೇ ಬರೆಯೋ ಮಾತು ಕಣಮ್ಮ, ಕುರ್ಚೀಲಿ ಕೂತವರಿಗೆ ಹೊಳೆಯಲ್ಲ" ಅಂದರು. ನಮ್ಮ ಹಿರಿಯ ನಕ್ಷೆಗಾರರಿದ್ದಾರಲ್ಲ, ಭೂತಗನ್ನಡಿ ಸಾಹೇಬರು, ಅವರು ಒರತೆಯ ಸಾಲನ್ನು ಎರಡು ಸಲ ಓದಿದರು.

ಇಲ್ಲಿ ನೀರಿಗೆ ಎರಡು ಗುರುತು. ಯಾರೋ ಹೇಳಿದ ನೀರಾದರೆ ಖಾಲಿ ನೀಲಿ ಉಂಗುರ. ನಡೆದವರು ಕಣ್ಣಾರೆ ಕಂಡ ನೀರಾದರೆ ತುಂಬಿದ ನೀಲಿ ಚುಕ್ಕೆ. ತುಂಬಿದ ಚುಕ್ಕೆ ಹಾಕಬೇಕಾದರೆ "ನಡೆದವರ ಹೇಳಿಕೆ" ಅಂತ ಒಂದು ಹಾಳೆ ತುಂಬಿಸಿಕೊಳ್ಳುತ್ತೇವೆ. ಜಾಗ, ನೀರು ಎಷ್ಟು, ಯಾರು ನೋಡಿದರು, ನಡೆದವರ ಸಹಿ, ಸಾಕ್ಷಿ. ಅಷ್ಟೇ. ಈ ಕಚೇರಿಯಲ್ಲಿ ನಡೆದವರ ಮಾತಿನ ಮೇಲೆ ಮರುಪ್ರಶ್ನೆ ಇಲ್ಲ. ಆ ಹಾಳೆ ಇಟ್ಟಿದ್ದೇನೆ. ಎರಡು ಪ್ರತಿ. ಒಂದರಲ್ಲಿ ನೀನು ಖಂಡಿತ ಚಿತ್ತು ಮಾಡುತ್ತೀ.

ಬೇಗ ಕಳಿಸು. ಆ ಚುಕ್ಕೆಯನ್ನು ನನ್ನ ಕೈಯಿಂದಲೇ ಹಾಕಬೇಕು.

ಕಟ್ಟಿರುವೆ


ಮಾರ್ಚ್ 9

ಕಟ್ಟಿರುವೆಗೆ,

ತಡವಾಯಿತು. ಬಸ್ಸಿನ ಸೀಟು ಹೊಲಿಯುವ ಕೆಲಸ ಬಂದಿತ್ತು, ನಲವತ್ತೆರಡು ಸೀಟು. ನಿನ್ನ ಹಾಳೆ ಹೊಲಿಗೆ ಯಂತ್ರದ ಖಾನೆಯಲ್ಲಿ ದಾರದುಂಡೆಗಳ ಕೆಳಗೆ ಸೇರಿಕೊಂಡಿತ್ತು. ಸೇರಿಕೊಂಡಿತ್ತು ಅಂದರೆ, ಹೌದು, ನಾನೇ ಇಟ್ಟಿದ್ದೆ. ದೊಡ್ಡವರು ಸಹಿ ಹಾಕುವ ಮೊದಲು ಸ್ವಲ್ಪ ಗಾಂಭೀರ್ಯ ತೋರಿಸಬೇಕಲ್ಲ.

ಅಂಚೆಯವನು ಸುಮ್ಮನಿರಬೇಕೇ? ಸರ್ಕಾರದ ಮೊಹರಿನ ಲಕೋಟೆ ಬಂದಿದೆ ಅಂತ ಬೀದಿಗೆಲ್ಲ ಹೇಳಿದ್ದ. ಕ್ಷೌರದವನು ದಿನಾ ಕೇಳುತ್ತಿದ್ದ. ನಿನ್ನೆ ಖಾನೆಯಿಂದ ತಾನೇ ತೆಗೆದು, ನನ್ನನ್ನೂ ತನ್ನ ಅಂಗಡಿಗೆ ಎಳೆದೊಯ್ದು, ಕನ್ನಡಿಯ ಕೆಳಗಿನ ಹಲಗೆ ಒರೆಸಿ, ಹಾಳೆ ಹರಡಿ, "ಹಾಕು ಮಾರಾಯ, ಇಷ್ಟು ವರ್ಷ ಆ ನೀರನ್ನ ನಮ್ಮ ಕಿವಿಗೇ ಹೊಯ್ದೆ, ಈಗ ಸರ್ಕಾರದ ಕಿವಿಗೂ ಹೊಯ್ಯಿ" ಅಂದ. ಆರು ಜನ ಸುತ್ತ ನಿಂತಿದ್ದರು. ಕನ್ನಡಿಯಲ್ಲಿ ಇನ್ನೂ ಆರು ಜನ. ಹಾಕಿದೆ. ಬಾಲ ಇಳಿಬಿಟ್ಟು ದೊಡ್ಡ ಸಹಿ. ಸಾಕ್ಷಿ ಕ್ಷೌರದವನದೇ. ಒಂದು ಚಿತ್ತೂ ಇಲ್ಲ, ಇನ್ನೊಂದು ಪ್ರತಿ ನನ್ನ ಹತ್ತಿರವೇ ಉಳಿಯಿತು.

ನೀರು ಮಾತ್ರ ಹೆಚ್ಚೇ ಹೊತ್ತುಕೋ. ಒರತೆ ಇದ್ದರೂ.

ಮಾವ


ಮಾರ್ಚ್ 20

ಮಾವಾ,

ಚುಕ್ಕೆ ಬಿತ್ತು.

ಎಲ್ಲಕ್ಕಿಂತ ಸಣ್ಣ ನಿಬ್ಬು ತೆಗೆದುಕೊಂಡೆ. ಸಾಹೇಬರು ಹೆಗಲ ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದರು. ಇಡೀ ಹಾಳೆಯಲ್ಲಿ, ಮೇಲ್ಬಾಯಿಯ ಬಾವಿಗೂ ಕೆಳಬಾಯಿಯ ಬಾವಿಗೂ ನಡುವೆ, ಅದೊಂದೇ ನೀಲಿ. ಈ ಕಾಗದದ ಮೇಲೆ ಬಿದ್ದ ಮಸಿಯನ್ನು ಬ್ಲೇಡಿನಿಂದ ಕೆರೆದೇ ತೆಗೆಯಬೇಕು. ಕೆರೆದ ಕಡೆ ಕಾಗದ ತೆಳ್ಳಗಾಗಿ ಬೆಳಕು ಆಚೆಗೆ ಹಾಯುತ್ತದೆ. ಅದಕ್ಕೇ ಅಷ್ಟು ಭಯ.

ಹೊರಡುವ ದಿನವೂ ನಿಗದಿಯಾಯಿತು. ಮೇ 6, ಮೇಲ್ಬಾಯಿಯಿಂದ. ನೀನು ಹೇಳಿದ ಹಾಗೆ ಪಟ್ಟಿಗಳನ್ನು ಬಿಚ್ಚಿ ಮತ್ತೆ ಹೊಲಿದೆ. ಚೀಲಕ್ಕೆ ಮರಳು ತುಂಬಿ ದಿನಾ ಸಂಜೆ ಕಚೇರಿಯ ನಾಲ್ಕು ಮಹಡಿ ಹತ್ತಿ ಇಳಿಯುತ್ತಿದ್ದೇನೆ. ಕಾವಲಿನವರು ನನ್ನನ್ನು ಹುಚ್ಚಿ ಅಂತ ತೀರ್ಮಾನಿಸಿ ಈಗ ಮರ್ಯಾದೆ ಕೊಡುತ್ತಾರೆ.

ಆ ಬಿಸಿಲಿಗೆ ಒಬ್ಬರಿಗೆ ದಿನಕ್ಕೆ ಆರು ಲೀಟರ್ ಬೇಕು. ಐದು ದಿನಕ್ಕೆ ಮೂವತ್ತು. ಮೂವತ್ತು ಕೆಜಿ ನೀರಿನ ಮೇಲೆ ಸರಪಣಿ, ಅಳತೆಯ ಪೆಟ್ಟಿಗೆ, ಊಟ, ಆಗದ ಮಾತು. ನಿನ್ನ ಒರತೆಯಿಂದ ಉಳಿದೆವು. ಮೂರು ದಿನಕ್ಕೆ ಹದಿನೆಂಟು ಲೀಟರ್ ಹೊತ್ತು, ಆನೆಮಂಡಿಯಲ್ಲಿ ಮತ್ತೆ ತುಂಬಿಸಿಕೊಳ್ಳುತ್ತೇವೆ.

ಕಟ್ಟಿರುವೆ


ಮಾರ್ಚ್ 28

ಕಟ್ಟಿರುವೆಗೆ,

ಕೂತು ಯೋಚನೆ ಮಾಡಿದೆ. ಮೇ ತಿಂಗಳು ಬೇಡ. ಮೇ ತಿಂಗಳಲ್ಲಿ ಆ ಕಮರಿಗೆ ಹಲ್ಲಿಗಳೂ ರಜೆ ಹಾಕುತ್ತವೆ. ನಾನು ನಡೆದದ್ದು ಚಳಿಗಾಲದಲ್ಲಿ. ನೀನೂ ಚಳಿಗಾಲದಲ್ಲಿ ಹೋಗು. ಇಲ್ಲ, ಹೋಗಲೇಬೇಕು ಅಂದರೆ ಮೂವತ್ತು ಲೀಟರನ್ನೂ ಹೊತ್ತುಕೋ. ಅಳತೆಯ ಪೆಟ್ಟಿಗೆ ಬಿಟ್ಟು ಹೋಗು. ಸಾಹೇಬರು ಕೇಳಿದರೆ ನಾನು ಹೇಳಿದೆ ಅನ್ನು.

ಒರತೆ ಅಂದರೆ ಒರತೆ. ಅದಕ್ಕೂ ಅದರ ಮನಸ್ಸು ಇರುತ್ತದೆ. ಒಂದು ವರ್ಷ ಇದ್ದದ್ದು ಇನ್ನೊಂದು ವರ್ಷ ಇರಬೇಕು ಅಂತ ಏನಿದೆ? ಇಪ್ಪತ್ತು ಲೀಟರಿನ ಎರಡು ಕ್ಯಾನು ಹಿಡಿಯುವಂಥ ಚೀಲ ನಾನೇ ಹೊಲಿದು ಕಳಿಸುತ್ತೇನೆ. ನಿನ್ನ ಸೊಂಟದ ಅಳತೆ ಬರಿ. ನಿನ್ನ ಅತ್ತೆ ಕೇಳುತ್ತಾಳೆ, ಯಾಕೆ ಇತ್ತೀಚೆಗೆ ಕ್ಷೌರದಂಗಡಿ ಕಡೆ ಹೋಗಲ್ಲ ಅಂತ. ಗಡ್ಡ ಬಿಡುವ ಆಸೆಯಾಗಿದೆ ಅಂದೆ.

ಮಾವ


ಏಪ್ರಿಲ್ 6

ಮಾವಾ,

ಮೂರನೇ ಕ್ಲಾಸಿನ ಲೆಕ್ಕದಲ್ಲೂ ನೀನು ಹೀಗೇ ಗೊಂದಲ ಮಾಡುತ್ತಿದ್ದೆ ಅಂತ ಅಮ್ಮ ಹೇಳುತ್ತಿದ್ದಳು. ನಲವತ್ತು ಲೀಟರ್ ಹೊತ್ತರೆ ನಾನು ಕಮರಿಗೆ ಇಳಿಯುವುದಿಲ್ಲ, ಉರುಳುತ್ತೇನೆ.

ಮೇ ತಿಂಗಳೇ ಯಾಕೆ ಅಂದರೆ, ಅತ್ಯಂತ ಕೆಟ್ಟ ಬಿಸಿಲಿನಲ್ಲೂ ಉಳಿದ ನೀರನ್ನು ಮಾತ್ರ ನಾವು ನೀರು ಅನ್ನುತ್ತೇವೆ. ಚಳಿಗಾಲದ ನೀರನ್ನು ನಂಬಿ ಬೇಸಿಗೆಯಲ್ಲಿ ಬಂದವರು ಸಾಯುತ್ತಾರೆ. ಮತ್ತೆ ನೀನೇ ಮೊದಲ ಕಾಗದದಲ್ಲಿ ಕಡುಬೇಸಿಗೆಯಲ್ಲೂ ಅಂತ ಬರೆದಿದ್ದೀ. ಈಗ ನಡೆದದ್ದು ಚಳಿಗಾಲ ಅನ್ನುತ್ತೀ. ಮರೆವು ಶುರುವಾಯಿತಾ?

ಭಯ ಇಲ್ಲ ಅಂತ ಹೇಳುವುದಿಲ್ಲ. ಮಹಡಿ ಹತ್ತುವಾಗ ಒಂದೊಂದು ಸಲ ಎದೆ ಹಾರುತ್ತದೆ. ಆಗ ಆ ಸಂದಿನೊಳಗಿನ ನೀರು ಹೇಗಿರುತ್ತದೆ ಅಂತ ನೆನೆಸಿಕೊಳ್ಳುತ್ತೇನೆ. ಆರು ವರ್ಷದವಳಿದ್ದಾಗಿನಿಂದ ಗೊತ್ತಿರುವ ಜಾಗ ಅದು.

ಕಟ್ಟಿರುವೆ


ಏಪ್ರಿಲ್ 14

ಕಟ್ಟಿರುವೆಗೆ,

ನನ್ನ ಮೈಗೆ ಹುಷಾರಿಲ್ಲ. ಹೇಳಬಾರದು ಅಂದುಕೊಂಡಿದ್ದೆ. ಎದೆಯಲ್ಲಿ ಸೂಜಿ ಆಡಿಸಿದ ಹಾಗಾಗುತ್ತದೆ. ಎರಡು ದಿನದಿಂದ ಊಟ ಸೇರುತ್ತಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ. ಡಾಕ್ಟರು ನೋಡಬೇಕಾದವರನ್ನು ಕರೆಸಿ ಅಂದಿದ್ದಾರೆ. ನನಗೆ ನೋಡಬೇಕಾದವಳು ಇನ್ಯಾರಿದ್ದಾರೆ? ಕಾಗದ ಕಂಡ ಕೂಡಲೇ ಹೊರಟು ಬಾ. ಕಮರಿ ಎಲ್ಲಿಗೂ ಓಡಿಹೋಗುವುದಿಲ್ಲ, ನಾನು ಹೋಗಿಬಿಡಬಹುದು.

ಮಾವ

(ಮಗಳೇ, ನಾನು ನಿನ್ನ ಅತ್ತೆ. ಅಂಚೆಗೆ ಹಾಕು ಅಂತ ಕೊಟ್ಟರು, ಬಿಚ್ಚಿ ಓದಿದೆ. ಇವರಿಗೆ ಏನೂ ಆಗಿಲ್ಲ. ಮೂರು ಹೊತ್ತೂ ಸರಿಯಾಗಿ ಉಣ್ಣುತ್ತಾರೆ. ಡಾಕ್ಟರ ಮುಖ ನೋಡಿ ಎರಡು ವರ್ಷವಾಯಿತು. ಯಾಕೆ ಹೀಗೆ ಬರೆದರೋ ಗೊತ್ತಿಲ್ಲ. ನೀನು ಧೈರ್ಯವಾಗಿ ಹೋಗಿ ಬಾ.)


ಏಪ್ರಿಲ್ 22

ಮಾವನವರಿಗೆ,

ನಿಮ್ಮ ಕಾಗದವೂ ಅದರ ಕೆಳಗೆ ಅತ್ತೆ ಬರೆದದ್ದೂ ತಲುಪಿದವು.

ಮೊದಲು ಚಳಿಗಾಲ ಅಂದಿರಿ. ಆಮೇಲೆ ನಲವತ್ತು ಲೀಟರ್ ಅಂದಿರಿ. ಈಗ ಸಾಯುತ್ತೇನೆ ಅನ್ನುತ್ತೀರಿ. ಮೂರು ರಾತ್ರಿ ನಿದ್ದೆ ಮಾಡದೆ ಯೋಚಿಸಿದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು. ಇಷ್ಟು ವರ್ಷ ಕಮರಿ ನಡೆದವರು ಅಂದರೆ ನೀವೊಬ್ಬರೇ. ಇನ್ನು ಮೇಲೆ ನಾನೂ ನಡೆದವಳಾಗುತ್ತೇನೆ. ಕ್ಷೌರದಂಗಡಿಯಲ್ಲಿ ಹೇಳಲು ನಿಮಗೆ ಏನೂ ಉಳಿಯುವುದಿಲ್ಲ. ಅದನ್ನು ತಡೆಯಲು ನನ್ನ ಹನ್ನೊಂದು ವರ್ಷವನ್ನು ನೀರಿಗೆ ಹಾಕಲೂ ನೀವು ತಯಾರು.

ಅಪ್ಪ ಇಲ್ಲದ ಮನೆಯಲ್ಲಿ ನನಗೆ ದೊಡ್ಡವರು ಅಂತ ಇದ್ದದ್ದು ನೀವು. ವಾಪಸ್ ಬರುವವರೆಗೆ ನನ್ನಿಂದ ಕಾಗದ ನಿರೀಕ್ಷಿಸಬೇಡಿ. 30ಕ್ಕೆ ಇಲ್ಲಿಂದ ಹೊರಡುತ್ತೇನೆ.


ಏಪ್ರಿಲ್ 27, ತಂತಿ

ಒರತೆ ಬತ್ತಿದೆ. ಹೊರಡಬೇಡ. ಮಾವ.


ಏಪ್ರಿಲ್ 29, ತಂತಿ

ಯಾರು ನೋಡಿದರು? ನಾಳೆ ಹೊರಡುತ್ತೇನೆ.


ಮೇ 1

ಕಟ್ಟಿರುವೆ,

ಯಾರು ನೋಡಿದರು ಅಂತ ಕೇಳಿದ್ದೀ. ಯಾರೂ ನೋಡಿಲ್ಲ. ಒರತೆ ಬತ್ತಿದ್ದನ್ನು ಯಾರೂ ನೋಡಿಲ್ಲ, ಹರಿದದ್ದನ್ನೂ ಯಾರೂ ನೋಡಿಲ್ಲ. ಅಲ್ಲಿ ನೀರಿಲ್ಲ. ಯಾವ ಕಾಲದಲ್ಲೂ ಇರಲಿಲ್ಲ. ನಾನು ಆ ಕಮರಿ ನಡೆದಿಲ್ಲ.

ಇದನ್ನು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದೆ. ಪ್ರತಿ ಹಾಳೆಯಲ್ಲೂ ನನ್ನ ಪೆನ್ನು ಸುಳ್ಳಿನ ಕಡೆಗೇ ಓಡುತ್ತದೆ, ಹಳೆ ಎತ್ತು ಮನೆಯ ಕಡೆಗೆ ಎಳೆದ ಹಾಗೆ. ತಂತಿಯಲ್ಲೂ ಬತ್ತಿದೆ ಅಂತ ಹಾಕಿದೆನೇ ಹೊರತು ಇರಲಿಲ್ಲ ಅಂತ ಹಾಕಲು ಕೈ ಬರಲಿಲ್ಲ. ಆ ಒಂದು ಮಾತು ಸರಿಯಾಗಿ ಹಾಕಿದ್ದರೆ ನೀನು ಇವತ್ತು ಊರಲ್ಲೇ ಇರುತ್ತಿದ್ದೆ.

ಮೇಲ್ಬಾಯಿಯ ಮಳಿಗೆಯಲ್ಲಿ ಎರಡು ವರ್ಷ ಹೊಲಿದದ್ದು ನಿಜ. ನಡೆದು ಬಂದವರ ಹರಿದ ಪಟ್ಟಿ, ಬೆವರಿಗೆ ಕೊಳೆತ ಹೊಲಿಗೆ, ರಕ್ತ ಹತ್ತಿದ ಕಾಲುಚೀಲ ಎಲ್ಲ ನನ್ನ ಮುಂದೆ ಬರುತ್ತಿತ್ತು. ಕಾಲುಚೀಲ ತಿರುವಿ ಹಾಕುವುದು, ಸೊಂಟದ ಪಟ್ಟಿ, ಬ್ರಶ್ಶಿನ ಹಿಡಿ ಎಲ್ಲ ಅವರು ಹೇಳಿದ್ದು. ಅವರ ಕಾಲಿನಲ್ಲಿ ನಾನು ನಡೆದೆ. ಒಂದೇ ಒಂದು ದಿನ ಚೀಲ ಹೊತ್ತು ಇಳಿದೆ. ಮೊದಲ ತಿರುವಿನಲ್ಲಿ ಮೇಲೆ ನೋಡಿದೆ, ಆಕಾಶ ಒಂದು ದಾರದಷ್ಟಾಗಿತ್ತು. ಕಾಲು ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮಳಿಗೆಯಲ್ಲಿದ್ದೆ.

ಆನೆಮಂಡಿ ಬಂಡೆ ಇದೆ. ನಡೆದವರೆಲ್ಲ ಹೇಳುತ್ತಿದ್ದರು. ನೀರು ಮಾತ್ರ ನನ್ನದು.

ಅದು ಹೇಗೆ ಹುಟ್ಟಿತು ಅಂತ ನಿನಗೆ ಗೊತ್ತಿಲ್ಲ. ನಿನಗೆ ಆರು ವರ್ಷ. ಜ್ವರದಿಂದ ಮೈ ಕಾದ ಕಾವಲಿ. ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಳು. ಡಾಕ್ಟರು ನೀರು ಕುಡಿಸುತ್ತಲೇ ಇರಿ, ಇಲ್ಲದಿದ್ದರೆ ಮಗು ಕೈಬಿಟ್ಟು ಹೋಗುತ್ತದೆ ಅಂದಿದ್ದರು. ನೀನು ಹಲ್ಲು ಕಚ್ಚಿಕೊಂಡು ಬಾಯಿ ಬಿಡಲಿಲ್ಲ. ಆ ಮಧ್ಯಾಹ್ನ ನಾನು ಮಾಡದ ಕೋಡಂಗಿ ಚೇಷ್ಟೆಯಿಲ್ಲ. ಕೊನೆಗೆ, "ಇದು ನಲ್ಲಿ ನೀರಲ್ಲ ಕಣೇ, ಆನೆಮಂಡಿ ಬಂಡೆ ಹಿಂದಿಂದ ನಿನಗೋಸ್ಕರ ತಂದಿರೋದು" ಅಂದೆ. ನೀನು ಕಣ್ಣು ಬಿಟ್ಟೆ. ಎಲ್ಲಿಂದ, ಹೇಗೆ, ಎಷ್ಟು ತಣ್ಣಗೆ ಅಂತ ಹೇಳುತ್ತಾ ಹೋದೆ. ಮೂರನೇ ಚಮಚಕ್ಕೆ ನುಂಗಿದೆ.

ಆ ಒಂದು ಮಧ್ಯಾಹ್ನಕ್ಕೆ ಸಾಕಿತ್ತು ಅದು. ನಾನು ಅದನ್ನು ಬೀದಿಗೆ ತಂದೆ, ಕ್ಷೌರದಂಗಡಿಗೆ ತಂದೆ, ಸರ್ಕಾರದ ಹಾಳೆಗೂ ತಂದೆ. ಹೇಳಿ ಹೇಳಿ, ಒಂದೊಂದು ದಿನ ಬಾಯಾರಿದಾಗ ಆ ನೀರಿನ ರುಚಿ ನನ್ನ ಬಾಯಿಗೇ ಬರುತ್ತಿತ್ತು.

ನನಗೆ ಹೊಟ್ಟೆಕಿಚ್ಚು ಅಂತ ಬರೆದೆ. ಬರಿ. ನೀವು ಅಂತ ಬರೆದೆ, ಅದನ್ನೂ ನುಂಗಿಕೊಂಡೆ. ಬದುಕಿ ಬಂದು ಇನ್ನೆಷ್ಟು ಬೇಕಾದರೂ ಬೈ.

ಅಂಚೆ ಕಚೇರಿಯಿಂದ ವಾಪಸ್ ಬಂದು ಮತ್ತೆ ಬರೆಯುತ್ತಿದ್ದೇನೆ. ಮೇಲ್ಬಾಯಿಗೆ ಕಾಗದ ತಲುಪಲು ಎಂಟು ದಿನವಂತೆ. ಅಲ್ಲಿಗೆ ತಂತಿ ಇಲ್ಲ. ನಿಮ್ಮ ಸಾಹೇಬರಿಗೆ ತಂತಿ ಕೊಟ್ಟೆ, ಕಚೇರಿಗೆ ಎರಡು ದಿನ ರಜೆ, ಬಾಗಿಲಲ್ಲೇ ಬಿದ್ದಿರುತ್ತದೆ. ಅವರು ನೋಡುವ ಹೊತ್ತಿಗೆ ಯಾರನ್ನೇ ಅಟ್ಟಿದರೂ ನಿನ್ನ ಹೆಜ್ಜೆ ಸಿಗುವುದಿಲ್ಲ. ಮೇಲ್ಬಾಯಿಗೆ ಬಸ್ಸಿನಲ್ಲಿ ಸುತ್ತಿ ಹೋದರೆ 7ನೇ ತಾರೀಕು, ನೀನು ಇಳಿದಾಗಿರುತ್ತದೆ. ಕೆಳಬಾಯಿಗಾದರೆ 5ಕ್ಕೆ ಮುಟ್ಟುತ್ತೇನೆ. ಅಲ್ಲಿಂದ ಆನೆಮಂಡಿಗೆ ಎರಡು ದಿನದ ದಾರಿ ಅಂತ ನಡೆದವರು ಹೇಳುತ್ತಿದ್ದರು. ನಿನ್ನ ಅತ್ತೆಗೆ ಎಲ್ಲ ಹೇಳಿದೆ. ಹೋಗಿ ನನ್ನ ಹಳೆ ಬೂಟು ತಂದು ಮುಂದೆ ಇಟ್ಟಳು.

ಈ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಹೊರಡುತ್ತೇನೆ.

ಮಾವ


ಮೇ 7, ಕಮರಿಯೊಳಗೆ

ಕಟ್ಟಿರುವೆ,

ಬೇರೆ ಕಾಗದವಿಲ್ಲ. ನೀನು ಕಳಿಸಿದ ಹಾಳೆಯ ಎರಡನೇ ಪ್ರತಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ಕೆಳಬಾಯಿಯಲ್ಲಿ ಹೇಸರಗತ್ತೆಯವನೊಬ್ಬ ಸಿಕ್ಕಿದ. ಮೇ ತಿಂಗಳಲ್ಲಿ ಒಳಗೆ ಹೋಗುವವರು ಇಬ್ಬರೇ, ಒಬ್ಬರು ಹುಚ್ಚರು, ಇನ್ನೊಬ್ಬರು ಆ ಹುಚ್ಚರನ್ನು ಹುಡುಕಲು ಹೋಗುವವರು ಅಂದ. ನಾನು ಎರಡೂ ಅಂದೆ. ನಿನ್ನೆ ಅರ್ಧ ದಿನದ ದಾರಿಯವರೆಗೆ ಬಂದ. ಬಂಡೆಗಳು ಒತ್ತಾಗಿ ಕತ್ತೆ ನುಗ್ಗದಾದಾಗ ಎರಡು ಕ್ಯಾನು ಇಳಿಸಿ ವಾಪಸ್ ಹೊರಟ. ಹತ್ತತ್ತು ಲೀಟರಿನದು. ಎರಡನ್ನೂ ಒಟ್ಟಿಗೆ ಎತ್ತಲು ನನ್ನಿಂದ ಆಗಲಿಲ್ಲ. ಒಂದನ್ನು ನೂರು ಹೆಜ್ಜೆ ಹೊತ್ತು ಇಡುವುದು, ಖಾಲಿ ಕೈಯಲ್ಲಿ ಹಿಂದಕ್ಕೆ ಬರುವುದು, ಇನ್ನೊಂದನ್ನು ಹೊರುವುದು. ಹೀಗೆ ಪ್ರತಿ ನೂರು ಹೆಜ್ಜೆಯನ್ನೂ ಮೂರು ಸಲ ನಡೆಯುತ್ತಿದ್ದೇನೆ. ಕ್ಷೌರದವನಿಗೆ ಹೇಳು, ಅವನು ನೋಡಿದವರಲ್ಲಿ ಈ ಕಮರಿಯನ್ನು ಮೂರು ಸಲ ನಡೆದವನು ನಾನೊಬ್ಬನೇ.

ಆಕಾಶ ಈಗಲೂ ದಾರದಷ್ಟೇ ಇದೆ. ಮೇಲೆ ನೋಡುತ್ತಿಲ್ಲ.


ಮೇ 8

ಮಂಡಿ ಕೈಕೊಟ್ಟಿತು. ಊತ ಬೂಟಿನ ಬಾಯಿಯವರೆಗೆ ಇಳಿದಿದೆ. ಮಧ್ಯಾಹ್ನದವರೆಗೂ ಕೂತಲ್ಲಿಂದಲೇ ಎರಡು ಕ್ಯಾನನ್ನೂ ಒಂದೊಂದಾಗಿ ಮುಂದಕ್ಕೆ ತಳ್ಳಿ, ಅವುಗಳ ಹಿಂದೆ ತೆವಳಿ, ಹೀಗೆ ಬಂದೆ. ಒಂದು ಕಪ್ಪು ಬಂಡೆಯ ನೆರಳಿಗೆ ಬಂದ ಮೇಲೆ ಅದೂ ಆಗಲಿಲ್ಲ. ಆನೆಮಂಡಿಗೆ ಇನ್ನೂ ಒಂದು ದಿನದ ದಾರಿ ಇರಬೇಕು.

ಇವತ್ತು ಸಂಜೆ ನೀನು ಅಲ್ಲಿ ಇರುತ್ತೀ. ಆ ಸಂದಿನೊಳಗೆ ಕೈ ಹಾಕುತ್ತೀ. ಅಷ್ಟು ದೂರ ಕೇಳಿಸುವುದಿಲ್ಲ ಅಂತ ಗೊತ್ತಿದ್ದರೂ ಕೂಗಿದೆ. ಗೋಡೆಗಳು ನನ್ನ ಮಾತನ್ನೇ ನನಗೆ ವಾಪಸ್ ಕೊಟ್ಟವು.

ಅಲ್ಲೇ ಕೂರಬೇಡ ಮಗಳೇ. ಸುಳ್ಳ ಅಂತ ಬೈದು ಎದ್ದು ನಡಿ. ಸಿಟ್ಟಿನಲ್ಲಾದರೂ ನಡಿ.


ಮೇ 9

ನನ್ನ ಬಾಟಲಿ ನಿನ್ನೆ ಸಂಜೆಗೇ ಮುಗಿಯಿತು. ಕ್ಯಾನಿನ ಮುಚ್ಚಳ ಮುಟ್ಟಿಲ್ಲ. ಮುಟ್ಟಿದರೆ ನಿಲ್ಲಿಸಲಾರೆ, ನನ್ನ ಬಾಯಿಯ ಯೋಗ್ಯತೆ ನನಗೆ ಗೊತ್ತು. ಇಬ್ಬರಿಗೆ ಒಂದು ದಿನಕ್ಕೆ ಹನ್ನೆರಡು, ಮೇಲೆ ಎಂಟು. ಒಂಟೆಗೂ ಕುಡಿಸು.

ಬಿಸಿಲು ಕಾಲಿಗೆ ಬಂತು. ಕ್ಯಾನುಗಳನ್ನು ಬೆನ್ನ ಹಿಂದೆ ನೆರಳಿಗೆ ಸರಿಸಿದೆ. ಜೇಬಿನಲ್ಲಿ ಕಾಗದ ಇದೆ. ಅದನ್ನು ಮೊದಲು ಓದಬೇಡ, ನೀರು ಕುಡಿದ ಮೇಲೆ ಓದು.

ಒಂದು ಮಾತು ಮಾತ್ರ ನಾನೇ ನೋಡಿದ್ದು ಬರೆಯುತ್ತೇನೆ. ಇಲ್ಲಿ


ಮೇ 9, ಸಂಜೆ

ಮಾವಾ,

ಅಲ್ಲಿಗೆ ನಿಲ್ಲಿಸಿದ್ದೀ. ಮುಂದೆ ಒಂದು ಗೀಟು ಇಳಿಜಾರಾಗಿ ಹೋಗಿದೆ, ಪೆನ್ನು ಮರಳಲ್ಲಿತ್ತು. ನೀನೀಗ ಮಲಗಿದ್ದೀ. ಎದ್ದಾಗ ಓದಲಿ ಅಂತ ಉಳಿದ ಜಾಗದಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಆ ಸಂದಿನಲ್ಲಿ ಮೊಣಕೈಯವರೆಗೆ ಕೈ ಹಾಕಿದೆ. ಒಣ ಮರಳು. ಉಗುರು ಕಿತ್ತುಹೋಗುವ ತನಕ ಕೆರೆದೆ. ಒಂಟೆಯವರು ನನ್ನ ಭುಜ ಹಿಡಿದು ಎಬ್ಬಿಸಿದರು. ನಮ್ಮಿಬ್ಬರ ಹತ್ತಿರ ಒಂದೂವರೆ ಲೀಟರ್ ಉಳಿದಿತ್ತು. ಅಳತೆಯ ಪೆಟ್ಟಿಗೆ, ಸರಪಣಿ ಎಲ್ಲ ಆನೆಮಂಡಿಯ ಕೆಳಗೇ ಬಿಟ್ಟೆವು. ನಾನು ನಿನ್ನನ್ನು ಏನೇನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ಅದರ ಸಿಟ್ಟಿನಲ್ಲೇ ಇಲ್ಲಿಯವರೆಗೆ ನಡೆದೆ.

ಕಪ್ಪು ಬಂಡೆಗೆ ಒರಗಿ ಯಾರೋ ಕೂತ ಹಾಗಿತ್ತು. ಗಡ್ಡ ಇದ್ದದ್ದರಿಂದ ನಿನ್ನ ಗುರುತು ಹತ್ತಲಿಲ್ಲ. ಬೆನ್ನ ಹಿಂದೆ ಎರಡು ಕ್ಯಾನು, ಎರಡರ ಮುಚ್ಚಳಕ್ಕೂ ಮೇಣದ ದಾರ ಬಿಗಿದೇ ಇತ್ತು. ನಿನ್ನ ತುಟಿಗಳು ಒಂದಕ್ಕೊಂದು ಅಂಟಿಹೋಗಿದ್ದವು. ಮುಚ್ಚಳದಲ್ಲಿ ನೀರು ಹಿಡಿದರೆ ಮುಖ ತಿರುಗಿಸುತ್ತೀ. ನನಗೆ ಅಂತ ಇಟ್ಟದ್ದು ಅಂತ ಆ ಸ್ಥಿತಿಯಲ್ಲೂ ನಿನ್ನ ತಲೆಗೆ ಗೊತ್ತಿತ್ತು. ಒಂಟೆಯವರು ನಿನ್ನ ತಲೆ ಹಿಡಿದುಕೊಂಡರು. ಆಗಿನ್ನೂ ನಾನು ನಿನ್ನ ಜೇಬಿನ ಕಾಗದ ಓದಿರಲಿಲ್ಲ. ಬಾಯಿಗೆ ಬಂದದ್ದು ಅದೊಂದೇ.

"ಇದು ಕ್ಯಾನಿನ ನೀರಲ್ಲ ಮಾವಾ," ಅಂದೆ. "ಆನೆಮಂಡಿ ಹಿಂದಿಂದ ತಂದೆ. ನಿನಗೋಸ್ಕರ."

ಮೂರನೇ ಮುಚ್ಚಳಕ್ಕೆ ನುಂಗಿದೆ.

ಉಸಿರು ಇದೆ, ಮೈ ಇನ್ನೂ ಸುಡುತ್ತಿದೆ. ಬೆಳಕು ಹರಿದ ಮೇಲೆ ಒಂಟೆಯವರೂ ನಾನೂ ಸೇರಿ ನಿನ್ನನ್ನು ಹೊರುತ್ತೇವೆ. ನಿನ್ನ ಮಾತಿನ ಹಾಗೆ ಭಾರ ಸೊಂಟದ ಮೇಲೆ. ಕೆಲಸ ಏನಾಗುತ್ತದೋ ಗೊತ್ತಿಲ್ಲ. ಆ ಚುಕ್ಕೆಯನ್ನು ಮಾತ್ರ ನಾನೇ ಕೆರೆಯುತ್ತೇನೆ.

ಈ ಹಾಳೆಯ ಮುಂಬದಿ ಖಾಲಿ ಇತ್ತು. ತುಂಬಿದ್ದೇನೆ. ಎದ್ದ ಮೇಲೆ ನೀನು ಸಹಿ ಹಾಕುವುದೊಂದೇ ಬಾಕಿ.


ನಡೆದವರ ಹೇಳಿಕೆ

ಜಾಗ: ಕಪ್ಪು ಬಂಡೆ, ಕೆಳಬಾಯಿಯಿಂದ ಒಂದು ದಿನದ ದಾರಿ.

ನೀರು ಎಷ್ಟು: ಇಪ್ಪತ್ತು ಲೀಟರ್.

ಯಾರು ನೋಡಿದರು: ನಾನು.

ನಡೆದವರ ಸಹಿ:

ಸಾಕ್ಷಿ: ಕಟ್ಟಿರುವೆ